ಲೋಕಯ್ಯಣ್ಣನಿಗೆ ಇಟ್ಟ ದೃಷ್ಟಿಬೊಟ್ಟು

ಲೋಕಯ್ಯಣ್ಣ ಗಂಟೆಯನ್ನು ಅಂದಾಜಿನಲ್ಲಿ ಬರೆದವರಲ್ಲ. ನಮ್ಮ ಲ್ಯಾಬಿನಲ್ಲಿ ಉಳಿದವರೆಲ್ಲ ಎಂಟು, ಎರಡು, ಆರು ಎಂದು ಬರೆದು ಕೈ ತೊಳೆದುಕೊಂಡರೆ, ಅವರ ರಿಜಿಸ್ಟರಿನಲ್ಲಿ 8.07, 2.03, 5.56 ಎಂದು ಇರುತ್ತಿತ್ತು. ಫ್ರಿಜ್ಜಿನ ಬಾಗಿಲಿನ ಥರ್ಮಾಮೀಟರಿನ ಮುಂದೆ ಕನ್ನಡಕ ಹಣೆಗೇರಿಸಿ ಬಾಗಿ ನಿಂತು ಅಂಕಿ ನೋಡುವುದು, ಆಮೇಲೆ ಗೋಡೆಯ ಗಡಿಯಾರ ನೋಡುವುದು, ಆಮೇಲೆ ಬರೆಯುವುದು, ಆಮೇಲೆ ಸಹಿ. ಹನ್ನೊಂದು ವರ್ಷಗಳಲ್ಲಿ ಈ ನಾಲ್ಕರ ಕ್ರಮ ಒಂದು ದಿನವೂ ಹಿಂದುಮುಂದಾದದ್ದನ್ನು ನಾನು ಕಂಡಿಲ್ಲ. ಅಂಥ ಮನುಷ್ಯನಿಗೆ ಮರೆವು ಎಂದು ಬರೆದು, ಅದರ ಕೆಳಗೆ ಅವರ ಕೈಯಿಂದಲೇ ಸಹಿ ಹಾಕಿಸಿಕೊಂಡವಳು ನಾನು. ಈಗ ನಾನು ಆ ಲ್ಯಾಬಿನ ಕೆಲಸದಲ್ಲಿಲ್ಲ. ಹಾಗಾಗಿ ಇದನ್ನು ಬರೆಯಲು ಯಾರ ಅನುಮತಿಯೂ ಬೇಕಾಗಿಲ್ಲ.

ಹಂಪನಕಟ್ಟೆಯಲ್ಲಿ ಚಪ್ಪಲಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಲ್ಯಾಬು. ರಕ್ತ, ಮೂತ್ರ ಪರೀಕ್ಷೆ ಮಾಡಿ ರಿಪೋರ್ಟು ಕೊಡುವುದು. ನಡೆಸುವವರು ಡಾಕ್ಟರ್ ಲಯನೆಲ್. ನಾನು, ಊರ್ಮಿಳಾ, ಅಲ್ಲಿ ಕ್ವಾಲಿಟಿ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ, ಇತರರು ನಿಯಮದಂತೆ ಕೆಲಸ ಮಾಡಿದ್ದಾರೆ ಎಂದು ಕಾಗದದಲ್ಲಿ ತೋರಿಸುವುದು. ಯಾವುದನ್ನು ಯಾರು, ಯಾವಾಗ, ಹೇಗೆ ಮಾಡಬೇಕೆಂದು ನಾನೇ ಬರೆದ ನಲವತ್ತಮೂರು ನಿಯಮಪತ್ರಗಳು ನನ್ನ ಕಪಾಟಿನಲ್ಲಿದ್ದವು. ತಪ್ಪು ಬರೆದರೆ ಗೀಚಿ ಹಾಕಬಾರದು, ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಕು ಹಾಕಬೇಕು ಎಂಬುದಕ್ಕೂ ಒಂದು ನಿಯಮವಿತ್ತು. ನಮ್ಮ ಮನೆಯವರು ತಲೆತಲಾಂತರದಿಂದ ದೇವಸ್ಥಾನದ ಪೂಜೆಯವರು. ಕ್ರಮ ತಪ್ಪಬಾರದೆನ್ನುವುದು ನನಗೆ ರಕ್ತದಲ್ಲೇ ಬಂದಿದೆ, ಬೇಕಾದರೆ ಪರೀಕ್ಷೆ ಮಾಡಿಸೋಣ ಎಂದು ಡಾಕ್ಟರು ತಮಾಷೆ ಮಾಡುತ್ತಿದ್ದರು. ನನಗೆ ಅದು ಹೆಮ್ಮೆಯೇ ಆಗಿತ್ತು.

ಲೋಕಯ್ಯಣ್ಣನದು ಒಳಗಿನ ಸಣ್ಣ ಕೋಣೆ. ಅಲ್ಲಿ ಎರಡು ಫ್ರಿಜ್ಜು, ಒಂದು ಫ್ರೀಜರು. ಜನರಿಂದ ತೆಗೆದ ರಕ್ತದ ಟ್ಯೂಬುಗಳು ಪರೀಕ್ಷೆಯಾಗುವವರೆಗೂ ಆದ ಮೇಲೂ ಅಲ್ಲಿ ಇರಬೇಕು. ತಂಪು ಎರಡು ಡಿಗ್ರಿಗಿಂತ ಕಡಿಮೆಯಾಗಬಾರದು, ಎಂಟಕ್ಕಿಂತ ಹೆಚ್ಚಾಗಬಾರದು. ದಿನಕ್ಕೆ ಮೂರು ಸಲ ನೋಡಿ ಬರೆಯುವುದು ಅವರ ಹೊಣೆ. ಒಂದು ಸಲ ಮಳೆಗಾಲದಲ್ಲಿ ಕರೆಂಟು ಹೋಗಿ ಜನರೇಟರೂ ಕೈಕೊಟ್ಟಾಗ 9.4 ಎಂದು ಬರೆದು, ಪಕ್ಕದಲ್ಲಿ "ಕರೆಂಟ್ ಇಲ್ಲ, 40 ನಿಮಿಷ, ಬಾಗಿಲು ತೆರೆಯಲಿಲ್ಲ" ಎಂದು ಸೇರಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ 7.8 ಎಂದು ಬರೆದು ಮನೆಗೆ ಹೋಗುತ್ತಿದ್ದರು.

ಅವರಿಗೆ ಈ ಹಠ ಎಲ್ಲಿಂದ ಬಂತೆಂದು ಒಂದು ಸಲ ಚಹಾ ಕುಡಿಯುವಾಗ ಕೇಳಿದ್ದೆ. ಕಾವೂರಿನ ಕೆರೆಯ ಆಚೆಗಿದ್ದ ಅವರ ಮನೆತನದ ಗದ್ದೆಗಳು ಸೈಟುಗಳಾದ ಮೇಲೆ ಲೋಕಯ್ಯಣ್ಣ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಕಡಲಾಚೆಯ ದಮ್ಮಾಮಿಗೆ ಹೋಗಿ, ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಹದಿನಾರು ವರ್ಷ ದುಡಿದವರು. ಅಲ್ಲಿ ಮೊದಮೊದಲು ಸೂಪರ್‌ವೈಸರ್ ಶನಿವಾರ ಕೂತಲ್ಲೇ ಇಡೀ ವಾರದ ಅಂಕಿ ಬರೆಸುತ್ತಿದ್ದನಂತೆ. ಒಂದು ವಾರ ಮಷಿನು ಹಾಳಾಗಿ ಎರಡು ದಿನ ನಿಂತಿತ್ತು. ಕಾಗದದಲ್ಲಿ ಎಲ್ಲ ಸರಿಯಿತ್ತು. ಆ ಮೀನು ಕೆಲಸದವರ ಕ್ಯಾಂಪಿನ ಅಡುಗೆಗೂ ಹೋಗಿ, ಇವರ ಕೋಣೆಯಲ್ಲೇ ಇದ್ದ ಮುಲ್ಕಿಯ ಒಬ್ಬ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ. ಕಾಗದದಲ್ಲಿದ್ದದ್ದು ತನ್ನ ಅಕ್ಷರ ಎಂದು ಹೇಳುವಾಗ ಲೋಕಯ್ಯಣ್ಣ ತನ್ನ ಬಲಗೈಯನ್ನೇ ನೋಡುತ್ತಿದ್ದರು. ಅಂದಿನಿಂದ ಕಣ್ಣಿಗೆ ಕಾಣದೆ ಒಂದು ಅಂಕಿ ಬರೆದಿಲ್ಲ ಎಂದರು. ಅಂಗಿಯ ಜೇಬಿನಲ್ಲಿ ಸಣ್ಣ ಪುಸ್ತಕವೊಂದು ಸದಾ ಇರುತ್ತಿತ್ತು. ಕಂಡದ್ದನ್ನು ಮೊದಲು ಅದರಲ್ಲಿ ಬರೆದು ನಂತರ ರಿಜಿಸ್ಟರಿಗೆ ಇಳಿಸುವುದು. ಇಂಥ ಸ್ವಂತ ಪುಸ್ತಕಗಳನ್ನು ಲ್ಯಾಬಿನಲ್ಲಿ ಇಟ್ಟುಕೊಳ್ಳಬಾರದು, ಆಡಿಟರಿಗೆ ಕಾಣಿಸಲೇಬಾರದು ಎಂದು ನನ್ನದೇ ಇನ್ನೊಂದು ನಿಯಮ. ಅವರ ಪುಸ್ತಕವನ್ನು ಮಾತ್ರ ನಾನು ಕಂಡೂ ಕಾಣದ ಹಾಗೆ ಇದ್ದೆ.

ಆಡಿಟರ್ ಎಂದರೆ ವರ್ಷಕ್ಕೊಮ್ಮೆ ಹೊರಗಿನಿಂದ ಬಂದು, ನಮ್ಮ ನಿಯಮದಂತೆ ನಾವು ನಡೆಯುತ್ತಿದ್ದೇವೆಯೇ ಎಂದು ನೋಡುವವರು. ಕೊರತೆ ಕಂಡರೆ ಬರೆದು ಕೊಡುತ್ತಾರೆ. ನಮ್ಮ ಲೈನಿನಲ್ಲಿ ಅದಕ್ಕೆ ಎನ್‌ಸಿ ಎನ್ನುವುದು. ಸಣ್ಣ ಎನ್‌ಸಿಗೆ ಉತ್ತರ ಬರೆದರೆ ಮುಗಿಯಿತು. ದೊಡ್ಡದು ಬಂದರೆ ಲ್ಯಾಬಿನ ಮಾನ್ಯತೆಗೇ ಕುತ್ತು. ಕೆಲವು ವರ್ಷ ನೋಡಿದ ಮೇಲೆ ನನಗೊಂದು ಗೊತ್ತಾಯಿತು: ಆಡಿಟರ್ ಬರಿಗೈಯಲ್ಲಿ ಹೋಗುವವರಲ್ಲ. ಏನೂ ಸಿಗದಿದ್ದರೆ ಸಿಗುವವರೆಗೆ ಅಗೆಯುತ್ತಾರೆ. ಹಾಗಾಗಿ ಅವರ ಕಣ್ಣಿಗೆ ಬೀಳುವಲ್ಲಿ ನಾವೇ ಒಂದು ಸಣ್ಣ ತಪ್ಪನ್ನು ಇಟ್ಟುಬಿಟ್ಟರೆ, ಅದನ್ನು ಹಿಡಿದ ಸಂತೋಷದಲ್ಲಿ ಚಹಾ ಕುಡಿದು ಹೋಗುತ್ತಾರೆ. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವ ಹಾಗೆ. ನಾನು ಅದನ್ನು ದೃಷ್ಟಿಬೊಟ್ಟು ಎಂದೇ ಕರೆಯುತ್ತಿದ್ದೆ. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಬೊಟ್ಟು ಇಡಲು ಸ್ವಚ್ಛವಾದ ಜಾಗ ಬೇಕು. ರಕ್ತಪರೀಕ್ಷೆಯ ಮಷಿನು ನೋಡುತ್ತಿದ್ದ ಮೆರ್ಲಿನ್ ಕೆಲಸದಲ್ಲಿ ಚುರುಕು, ಬರೆಯುವುದರಲ್ಲಿ ಸೋಮಾರಿ. ಅವಳ ರಿಜಿಸ್ಟರಿನಲ್ಲಿ ಹದಿನೈದು ದಿನಗಳ ಅಂಕಿ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಇಳಿದಿರುತ್ತಿತ್ತು. ಅಲ್ಲಿ ಆಡಿಟರನ್ನು ಕೂರಿಸಿದರೆ ನಮ್ಮ ಕಥೆ ಮುಗಿದ ಹಾಗೆ. ಇಡೀ ಲ್ಯಾಬಿನಲ್ಲಿ ನಿಜವಾಗಿಯೂ ಸರಿಯಿದ್ದದ್ದು ಲೋಕಯ್ಯಣ್ಣನ ಕೋಣೆ ಒಂದೇ. ಹಾಗಾಗಿ ಬೊಟ್ಟು ಅಲ್ಲೇ ಇಡಬೇಕೆಂದು ತೀರ್ಮಾನಿಸಿದೆ.

ಮೊದಲ ವರ್ಷ ಅವರನ್ನು ಕರೆದು, ಒಂದು ದಿನದ ಎರಡು ಗಂಟೆಯ ಅಂಕಿಗೆ ಸಹಿ ಹಾಕದೆ ಖಾಲಿ ಬಿಡಬೇಕು ಎಂದೆ. ಅವರಿಗೆ ಅರ್ಥವಾಗಲಿಲ್ಲ. ನೋಡದೆ ಸಹಿ ಹಾಕಬಾರದು ಎಂದು ಗೊತ್ತುಂಟು, ನೋಡಿಯೂ ಸಹಿ ಹಾಕದಿರುವುದು ಹೇಗೆ ಎಂದು ಕೇಳಿದರು. ಇದು ಎಲ್ಲರ ಒಳ್ಳೆಯದಕ್ಕೆ ಎಂದು ವಿವರಿಸಿದೆ. ನೀವು ಹೇಳುವುದಾದರೆ ಸರಿ ಮೇಡಂ ಎಂದು ಹೋದರು. ಆಡಿಟರ್ ಅದನ್ನು ಹಿಡಿದರು, ಸಣ್ಣ ಎನ್‌ಸಿ ಕೊಟ್ಟರು, ಚಹಾ ಕುಡಿದರು. ಎರಡನೆಯ ವರ್ಷವೂ ಹಾಗೆಯೇ ಆಯಿತು. ಆದರೆ ಆ ಸಲ ಡಾಕ್ಟರ್ ಲಯನೆಲ್ ಎಲ್ಲರನ್ನೂ ಸೇರಿಸಿ ವರದಿ ಓದಿದರು. ಬೊಟ್ಟಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ನಿಮ್ಮದೇ ಅಲ್ವಾ ಲೋಕಯ್ಯ ಎಂದು ನಗುತ್ತಲೇ ಹೇಳಿದರು. ಎಲ್ಲರೂ ಅವರತ್ತ ತಿರುಗಿದರು. ಅವರು ತಲೆ ತಗ್ಗಿಸಿ ನಿಂತಿದ್ದರು. ಆ ಹೊತ್ತಿಗೆ ನಾನು ಒಂದು ಮಾತು ಹೇಳಬಹುದಿತ್ತು. ಫೈಲಿನೊಳಗೆ ಮುಖ ಹಾಕಿಕೊಂಡು ಕೂತೆ.

ಮೀಟಿಂಗು ಮುಗಿದ ಮೇಲೆ ಲೋಕಯ್ಯಣ್ಣ ನನ್ನ ಮೇಜಿನ ಬಳಿ ಬಂದರು.

"ಮುಂದಿನ ವರ್ಷ ಅದನ್ನು ಬೇರೆ ಎಲ್ಲಾದ್ರೂ ಇಡಿ ಮೇಡಂ. ನನ್ನ ಮಗಳು ಇದೇ ಕೋರ್ಸ್ ಮಾಡ್ತಾ ಇದ್ದಾಳೆ. ನಾಳೆ ಟ್ರೈನಿಂಗಿಗೆ ಇಲ್ಲಿಗೇ ಬಂದರೆ, ಅಪ್ಪ ಸಹಿ ಹಾಕ್ಲಿಕ್ಕೆ ಮರೆಯುವವ ಅಂತ ಅವಳು ಕೇಳ್ಬಾರದು."

ಆಯ್ತು ಎಂದೆ. ಮನಸ್ಸಿನಿಂದಲೇ ಹೇಳಿದೆ.

ಮೂರನೆಯ ವರ್ಷ, ಜನವರಿಯಲ್ಲಿ, ಹೊಸ ಆಡಿಟರ್ ಬಂದರು. ಬೆಳಿಗ್ಗೆ ಹನ್ನೊಂದಕ್ಕೆ ಮೆರ್ಲಿನ್ ಬಳಿ ಕೂತವರು ಒಂದು ಗಂಟೆಯಾದರೂ ಏಳಲಿಲ್ಲ. ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಪೆನ್ನಿನ ಶಾಯಿ ನೋಡುತ್ತಿದ್ದರು. ಮೆರ್ಲಿನ್ ನನ್ನ ಕಡೆ ನೋಡಿದಳು. ಆ ವರ್ಷ ನಾನು ಎಲ್ಲಿಯೂ ಬೊಟ್ಟು ಇಟ್ಟಿರಲಿಲ್ಲ. ಮಾತು ಉಳಿಸಿಕೊಳ್ಳಲು ಹೋಗಿ ಬೇರೆ ಜಾಗ ಹುಡುಕಿದ್ದೆ, ಸಿಕ್ಕಿರಲಿಲ್ಲ.

ಒಂದು ಇಪ್ಪತ್ತಕ್ಕೆ ಒಳಕೋಣೆಗೆ ಹೋದೆ. ಲೋಕಯ್ಯಣ್ಣ ಊಟಕ್ಕೆ ಹೋಗಿದ್ದರು. ಮೊದಲ ಫ್ರಿಜ್ಜಿನ ಥರ್ಮಾಮೀಟರಿನ ಮೇಲೆ ಹಸಿರು ಸ್ಟಿಕ್ಕರ್ ಇತ್ತು. ಆ ಉಪಕರಣ ಸರಿಯಾಗಿ ಅಳೆಯುತ್ತದೆಂದು ವರ್ಷಕ್ಕೊಮ್ಮೆ ಪರೀಕ್ಷಿಸಿ ಅಂಟಿಸುವ ಗುರುತು ಅದು. ಉಗುರು ಹಾಕಿ ಎಬ್ಬಿಸಿದೆ. ಸುಲಭವಾಗಿ ಬಂತು. ಎಸೆಯಲು ಬುಟ್ಟಿ ನೋಡಿದೆ, ಅಲ್ಲಿ ಕಂಡರೆ ಕಷ್ಟ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ನನ್ನ ಗುರುತಿನ ಕಾರ್ಡಿನ ಹಿಂಬದಿಗೆ ಅಂಟಿಸಿಕೊಂಡೆ. ಆಮೇಲೆ ಆಡಿಟರ ಬಳಿ ಹೋಗಿ, ಊಟಕ್ಕೆ ಮುಂಚೆ ಫ್ರಿಜ್ಜಿನ ಕೋಣೆ ನೋಡಿ ಮುಗಿಸಿಬಿಡಬಹುದಲ್ಲ ಸರ್ ಎಂದು ನಯವಾಗಿ ಹೇಳಿದೆ.

ಅವರು ಎದ್ದು ಬಂದರು. ಲೋಕಯ್ಯಣ್ಣ ಊಟ ಮುಗಿಸಿ ಬಂದು ಕೈ ಒರೆಸಿಕೊಳ್ಳುತ್ತಿದ್ದರು. ಸ್ಟಿಕ್ಕರ್ ಎಲ್ಲಿ ಎಂದು ಆಡಿಟರ್ ಕೇಳಿದಾಗ, ಇಲ್ಲೇ ಉಂಟಲ್ಲ ಎಂದು ಬೆರಳಿಟ್ಟು ತೋರಿಸಲು ಹೋದರು. ಬೆರಳು ಖಾಲಿ ಜಾಗದ ಮೇಲೆ ನಿಂತಿತು. ಐವತ್ತೇಳು ವರ್ಷದ ಮನುಷ್ಯ ನೆಲಕ್ಕೆ ಮೊಣಕಾಲೂರಿ, ಮೊಬೈಲಿನ ಟಾರ್ಚು ಹಾಕಿ ಫ್ರಿಜ್ಜಿನಡಿ ಹುಡುಕಿದರು. ಎದ್ದಾಗ ಅಂಗಿಯ ತೋಳಿಗೆ ಧೂಳು ಮೆತ್ತಿತ್ತು. ಜೇಬಿನಿಂದ ಸಣ್ಣ ಪುಸ್ತಕ ಹೊರತೆಗೆದು ತೆರೆಯಲು ಹೊರಟವರು ನನ್ನ ಮುಖ ನೋಡಿದರು. ಆ ಪುಸ್ತಕ ಆಡಿಟರಿಗೆ ಕಾಣಬಾರದೆಂಬ ನನ್ನ ನಿಯಮ ಅವರಿಗೆ ನೆನಪಾಗಿರಬೇಕು. ತಿರುಗಿ ಜೇಬಿಗೆ ಹಾಕಿದರು. ನಾನು ಕಾಗದದ ಹಲಗೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅದರ ಹಿಂದೆ ನನ್ನ ಕಾರ್ಡು, ಕಾರ್ಡಿನ ಹಿಂದೆ ಸ್ಟಿಕ್ಕರು.

ಮೆರ್ಲಿನ್ ಬಚಾವಾದಳು. ನನ್ನ ಲೆಕ್ಕ ತಪ್ಪಿದ್ದು ಬೇರೆ ಕಡೆ. ಹೊಸ ಆಡಿಟರ್ ಹಿಂದಿನ ಎರಡು ವರ್ಷಗಳ ವರದಿಗಳನ್ನು ಓದಿಕೊಂಡೇ ಬಂದಿದ್ದರು. ಒಂದೇ ಕೋಣೆ, ಒಬ್ಬನೇ ಸಿಬ್ಬಂದಿ, ಸತತ ಮೂರು ವರ್ಷ ಕೊರತೆ. ಅಂದರೆ ನೀವು ಹಿಂದೆ ಕೊಟ್ಟ ಉತ್ತರಗಳೆಲ್ಲ ಬರೀ ಬಾಯಿಮಾತು ಎಂದು ಅದನ್ನು ದೊಡ್ಡ ಎನ್‌ಸಿ ಮಾಡಿದರು. ಮೂವತ್ತು ದಿನಗಳೊಳಗೆ ಮೂಲ ಕಾರಣ ಕಂಡುಹಿಡಿದು ಸರಿಪಡಿಸದಿದ್ದರೆ ಮಾನ್ಯತೆ ಹೋಗುತ್ತದೆ ಎಂದು ಬರೆದರು. ನಿಯಮದ ಪ್ರಕಾರ ಅವರು ಮಾಡಿದ್ದು ಪೂರ್ತಿ ಸರಿ.

ಮೂಲ ಕಾರಣ ಹುಡುಕಲು ಒಂದು ಫಾರ್ಮು ಉಂಟು. ಅದರಲ್ಲಿ ಐದು ಸಲ "ಏಕೆ" ಎಂದು ಕೇಳಿಕೊಳ್ಳಬೇಕು, ಪ್ರತಿ ಉತ್ತರಕ್ಕೂ ಮತ್ತೆ ಏಕೆ ಎನ್ನಬೇಕು. ಐದನೆಯದರಲ್ಲಿ ಸತ್ಯ ಸಿಗುತ್ತದೆ ಎಂದು ನಾನೇ ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದೆ. ಡಾಕ್ಟರ ಎದುರು ಕೂತು ತುಂಬಿಸಿದೆ. ಸ್ಟಿಕ್ಕರ್ ಏಕೆ ಇರಲಿಲ್ಲ ಎಂಬುದಕ್ಕೆ ಬಿದ್ದುಹೋಗಿತ್ತು ಎಂದು ಬರೆದೆ. ಬಿದ್ದದ್ದು ಏಕೆ ತಿಳಿಯಲಿಲ್ಲ, ಸಿಬ್ಬಂದಿ ಗಮನಿಸಲಿಲ್ಲ. ಏಕೆ ಗಮನಿಸಲಿಲ್ಲ ಎನ್ನುವಲ್ಲಿ ಪೆನ್ನು ನಿಂತಿತು. ನಿರ್ಲಕ್ಷ್ಯ ಎಂದು ಬರೆದರೆ ಪಾಪ ಅವರಿಗೆ ಕಪ್ಪುಚುಕ್ಕೆಯಾಗುತ್ತದೆ, ಸ್ವಲ್ಪ ಮೆದುವಾಗಿ ಬರೆಯಿರಿ ಎಂದು ಡಾಕ್ಟರು ಹೇಳಿದರು. ಅವರು ಕೆಟ್ಟ ಮನುಷ್ಯರಲ್ಲ. ನಾನು ಯೋಚಿಸಿ, "ವಯೋಸಹಜ ಮರೆವು" ಎಂದು ಬರೆದೆ. ಒಂದು ಒಳ್ಳೆಯ ಕೆಲಸ ಮಾಡಿದ ಹಾಗೆ ಆಯಿತು ನನಗೆ. ನಾಲ್ಕು, ಐದನೆಯ ಉತ್ತರಗಳು ತಾವಾಗಿ ಬಂದವು: ವಯಸ್ಸಾದವರನ್ನು ಅದೇ ಹೊಣೆಯಲ್ಲಿ ಮುಂದುವರಿಸಲಾಗಿತ್ತು, ಬದಲಿಸುವ ಪದ್ಧತಿ ಇರಲಿಲ್ಲ. ಪರಿಹಾರ, ಲೋಕಯ್ಯ ಅವರನ್ನು ಟೋಕನ್ ಕೌಂಟರಿಗೆ ವರ್ಗಾಯಿಸುವುದು.

ಫಾರ್ಮಿನ ಕೊನೆಯಲ್ಲಿ ಸಂಬಂಧಪಟ್ಟ ಸಿಬ್ಬಂದಿಯ ಸಹಿ ಬೇಕು. ಲೋಕಯ್ಯಣ್ಣ ನಿಂತುಕೊಂಡೇ ಪೂರ್ತಿ ಓದಿದರು. ಅವರು ಯಾವುದನ್ನೂ ಓದದೆ ಸಹಿ ಹಾಕಿದವರಲ್ಲ.

"ಮರೆವು ಅಂತ ಬರೆದದ್ದು ಉಂಟಲ್ಲ ಮೇಡಂ," ಎಂದರು. ಮತ್ತೆ, "ಹೌದೋ ಏನೋ. ನನ್ನ ದೇಯಿ ಅಕ್ಕನಿಗೂ ಹೀಗೆಯೇ ಶುರು ಆದದ್ದು."

ದೇಯಿ ಅಕ್ಕ ಎಂದರೆ ಅವರನ್ನು ಎತ್ತಿ ಆಡಿಸಿದ ಹಿರಿಯಕ್ಕ. ಕೊನೆಕೊನೆಗೆ ಬಡಿಸಿದ ತಟ್ಟೆಗೇ ಮತ್ತೆ ಬಡಿಸುತ್ತ, ತಮ್ಮನನ್ನೇ ಯಾರು ಇವ ಎಂದು ಕೇಳುತ್ತ ಎರಡು ವರ್ಷಗಳ ಹಿಂದೆ ತೀರಿಹೋಗಿದ್ದರು. ಅದು ನನಗೆ ಗೊತ್ತಿತ್ತು. ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಿ ಊಟವನ್ನೂ ಮಾಡಿ ಬಂದಿದ್ದೆ. ಆದರೂ ಆ ಪದ ಬರೆಯುವಾಗ ನೆನಪಾಗಲಿಲ್ಲ. ಅವರು ಗಡಿಯಾರ ನೋಡಿದರು, ಗಂಟೆ ಬರೆದರು, ಸಹಿ ಹಾಕಿದರು. ಫಾರ್ಮು ಹೋಯಿತು, ಮಾನ್ಯತೆ ಉಳಿಯಿತು.

ಟೋಕನ್ ಕೌಂಟರಿನಲ್ಲಿ ಅವರು ಎರಡು ತಿಂಗಳು ಕೂತರು. ಒಂದು ಸಂಖ್ಯೆ ಕೂಗಿ, ಕೂಗಿದೆನೋ ಇಲ್ಲವೋ ಎಂದು ಪಕ್ಕದವರನ್ನು ಕೇಳುವುದನ್ನು ನಾನು ಕಂಡಿದ್ದೆ. ಏಪ್ರಿಲಿನಲ್ಲಿ ನಿಯಮದಂತೆ ಒಂದು ತಿಂಗಳ ನೋಟೀಸು ಕೊಟ್ಟು ರಾಜೀನಾಮೆ ಬರೆದರು. ಕಾರಣದ ಜಾಗದಲ್ಲಿ ನನ್ನದೇ ಎರಡು ಪದಗಳನ್ನು ನಕಲು ಮಾಡಿದ್ದರು. ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ. ಅವರ ಶಿಸ್ತಿನ ಬಗ್ಗೆ ಐದು ನಿಮಿಷ ಮಾತಾಡಿದ್ದು ಯಾರೆಂದುಕೊಂಡಿರಿ? ನಾನೇ. ಸ್ಟಿಕ್ಕರ್ ಕುತ್ತಿಗೆಯಲ್ಲೇ ಇತ್ತು.

ಆಗಸ್ಟಿನಲ್ಲಿ ಅವರ ಮಗಳು ಅಕ್ಷಿತಾ ಲ್ಯಾಬಿಗೆ ಬಂದಳು. ಟ್ರೈನಿಂಗಿಗಲ್ಲ, ಅಪ್ಪನ ಅನುಭವ ಪ್ರಮಾಣಪತ್ರ ಒಯ್ಯಲು. ಒಂದು ಫಾರ್ಮಿಗೆ ಐದು ಜನರ ಸಹಿ ಆಗಬೇಕೆಂದು ಅದು ಮೂರು ತಿಂಗಳಿಂದ ನನ್ನ ಟ್ರೇಯಲ್ಲೇ ಬಿದ್ದಿತ್ತು. ಅಪ್ಪ ಹೇಗಿದ್ದಾರೆ ಎಂದು ಕೇಳಿದೆ. ಅವಳು ತಡೆದು ತಡೆದು ಹೇಳಿದಳು. ತಲೆಯ ಸ್ಕ್ಯಾನ್ ಮಾಡಿಸಿದ್ದಾರೆ, ಏನೂ ಇಲ್ಲ ಎಂದು ಡಾಕ್ಟರು ಹೇಳಿದರೂ ನಂಬುವುದಿಲ್ಲ. ಕುದ್ರೋಳಿಗೆ ಹೋಗಿ ಹರಕೆ ಹೇಳಿ ಬಂದಿದ್ದಾರೆ. ಸ್ಕೂಟರ್ ಮಾರಿದ್ದಾರೆ, ದಾರಿ ಮರೆತರೆ ಎಂದು. ಮನೆಯಲ್ಲಿ ಎಲ್ಲವನ್ನೂ ಬರೆದಿಡುತ್ತಾರೆ.

"ನಿಮ್ಮ ಮಾತು ಅಪ್ಪ ಕೇಳ್ತಾರೆ ಮೇಡಂ. ಒಮ್ಮೆ ಬಂದು ಹೇಳ್ತೀರಾ, ಮರೆವು ಎಲ್ಲ ಇಲ್ಲ ಅಂತ?"

ಅವಳು ಹೋದ ಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದು ಲೋಕಯ್ಯಣ್ಣನಿಗಾಗಿಯೋ, ಸಿಕ್ಕಿಬೀಳುವ ಭಯದಿಂದಲೋ, ಈಗಲೂ ಖಾತ್ರಿಯಿಲ್ಲ. ಸಂಜೆ ಮನೆಯಲ್ಲಿ ಅಪ್ಪನ ಬಳಿ ಕೂತು ಎಲ್ಲವನ್ನೂ ಹೇಳಿದೆ. ಅಪ್ಪ, ಹರಿದಾಸ ಭಟ್ಟರು, ಐವತ್ತು ವರ್ಷ ಪೂಜೆ ಮಾಡಿದವರು. ಪೂಜೆಯ ಕೊನೆಗೆ, ನಡುವೆ ಲೋಪವಾಗಿದ್ದರೆ ಕ್ಷಮಿಸಬೇಕೆಂದು ಒಂದು ಉದ್ಧರಣೆ ನೀರು ಬಿಡುವುದುಂಟು. ಅಂಥದ್ದೇನಾದರೂ ನನಗೂ ಇರಬಹುದೆಂಬ ಆಸೆಯಿತ್ತೋ ಏನೋ. ಅಪ್ಪ ಮುಖ ನೋಡದೆ ಹೇಳಿದರು: "ಮರೆತು ಬಿಟ್ಟುಹೋದದ್ದಕ್ಕೆ ಅದು. ಕೈಯಾರೆ ಕಿತ್ತದ್ದಕ್ಕೆ ಅಲ್ಲ."

ಭಾನುವಾರ ಮಧ್ಯಾಹ್ನ ಕಾವೂರಿನ ಬಸ್ಸು ಹತ್ತಿದೆ.

ಲೋಕಯ್ಯಣ್ಣ ನನ್ನನ್ನು ಕಂಡು ಅಂಗಿ ಹಾಕಿಕೊಂಡು ಬಂದರು. ಅವರ ಹೆಂಡತಿ ಹೇಮಾಕ್ಷಿ ನೀರು, ಬೆಲ್ಲ ತಂದಿಟ್ಟರು. ಕೂತಲ್ಲಿಂದ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆ ಕಾಣುತ್ತಿತ್ತು. ಅಲ್ಲಿ ಮೊಳೆಗೆ ನೇತುಹಾಕಿದ ಒಂದು ಹಾಳೆ. ಸ್ಕೇಲಿನಲ್ಲಿ ಗೆರೆ ಎಳೆದು ಅಂಕಣ ಮಾಡಿದ್ದರು: ದಿನಾಂಕ, ಗಂಟೆ, ಗ್ಯಾಸು, ಪಂಪು, ಹಿಂದಿನ ಬಾಗಿಲು, ಸಹಿ, ಪರಿಶೀಲಿಸಿದವರು. ಬೆಳಿಗ್ಗೆ 8.12, ಗ್ಯಾಸು ಬಂದ್. 8.14, ಪಂಪು ಬಂದ್. ಪರಿಶೀಲಿಸಿದವರ ಜಾಗದಲ್ಲಿ ಅಕ್ಷಿತಾಳ ಸಹಿ. ಮೂಲೆಯಲ್ಲಿ ಪುಟಸಂಖ್ಯೆ ಹಾಕುವ ರೀತಿಯೂ ನಾನು ಲ್ಯಾಬಿನಲ್ಲಿ ಕಲಿಸಿದ್ದೇ. ಹೇಳಲು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಆ ಹಾಳೆ ನೋಡಿ ಚದುರಿಹೋದವು. ಗುರುತಿನ ಕಾರ್ಡನ್ನು ಬ್ಯಾಗಿನಿಂದ ತೆಗೆದು ಮಗುಚಿ ಅವರ ಮುಂದೆ ಇಟ್ಟೆ.

"ಸ್ಟಿಕ್ಕರ್ ಬಿದ್ದದ್ದಲ್ಲ ಲೋಕಯ್ಯಣ್ಣ. ನಾನು ತೆಗೆದದ್ದು."

ಅವರು ಕಾರ್ಡು ಎತ್ತಿಕೊಂಡು ಕನ್ನಡಕ ಹಣೆಗೇರಿಸಿ, ಸ್ಟಿಕ್ಕರಿನ ಮೇಲಿನ ನಂಬರು, ತಾರೀಕು ಎರಡನ್ನೂ ಓದಿದರು.

"ಎಷ್ಟು ಗಂಟೆಗೆ?"

"ಒಂದು ಇಪ್ಪತ್ತಕ್ಕೆ. ನೀವು ಊಟಕ್ಕೆ ಹೋಗಿದ್ದಾಗ."

ಎದ್ದು ಒಳಗೆ ಹೋದರು. ಕಪಾಟು ತೆರೆದ ಸದ್ದು ಕೇಳಿತು. ಸಣ್ಣ ಪುಸ್ತಕ ಹಿಡಿದು ಬಂದು, ಆ ದಿನದ ಪುಟ ಹುಡುಕಿ ನನ್ನ ಮುಂದೆ ಇಟ್ಟರು. "1.05. ಸ್ಟಿಕ್ಕರ್ ಉಂಟು" ಎಂದು ಊಟಕ್ಕೆ ಹೋಗುವ ಮುಂಚೆ ಬರೆದ ಅವರ ಅಕ್ಷರ. ಅದರ ಮೇಲೆ ಓದಲು ಬರುವಂತೆ ಒಂದೇ ಗೆರೆ. ಪಕ್ಕದಲ್ಲಿ ಸಹಿ, ತಾರೀಕು. ತಾರೀಕು ನನ್ನ ಫಾರ್ಮಿಗೆ ಅವರು ಸಹಿ ಹಾಕಿದ ದಿನದ್ದು.

"ನೋಡದೆ ಬರೆದೆ ಅಂತ ಗ್ರಹಿಸಿದೆ ನಾನು," ಎಂದರು. "ಕಣ್ಣಿಗೆ ಕಂಡದ್ದನ್ನು ನಾನೇ ಹೊಡೆದು ಹಾಕಿದೆ ಮೇಡಂ."

ಹೇಮಾಕ್ಷಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆರು ತಿಂಗಳಿಂದ ಈ ಮನುಷ್ಯ ತನ್ನ ಹೆಸರು, ಮಗಳ ಹೆಸರು ಬಾಯಿಪಾಠ ಹೇಳಿಕೊಂಡು ಏಳುವುದು ನಿಮಗೆ ಗೊತ್ತುಂಟಾ ಎಂದು ತುಳುವಿನಲ್ಲಿ ಕೇಳಿದರು. ದನಿ ಎತ್ತಲಿಲ್ಲ. ಮೆರ್ಲಿನ್‌ಳ ರಿಜಿಸ್ಟರು, ಲ್ಯಾಬಿನ ಮಾನ್ಯತೆ, ಇಪ್ಪತ್ತು ಜನರ ಕೆಲಸ, ಇವೆಲ್ಲ ನೆನಪಾದವು. ಒಂದೂ ಆ ಮನೆಯಲ್ಲಿ ಹೇಳುವಂಥದ್ದಾಗಿರಲಿಲ್ಲ. ತಪ್ಪಾಯಿತು ಎಂದೆ. ಆ ಮಾತು ನನಗೇ ಸಣ್ಣದೆನಿಸಿತು.

ಲೋಕಯ್ಯಣ್ಣ ಪುಸ್ತಕದ ಖಾಲಿ ಪುಟ ತೆರೆದು, ಪೆನ್ನನ್ನು ಅದರ ಮೇಲಿಟ್ಟು ನನ್ನ ಕಡೆ ಸರಿಸಿದರು.

"ಬಾಯಲ್ಲಿ ಹೇಳಿದ್ದು ನಾಳೆ ನನಗೆ ನೆನಪಿರ್ತದೋ ಇಲ್ವೋ ಗೊತ್ತಿಲ್ಲ. ಬರೆದು ಕೊಡಿ."

ಬರೆದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಫ್ರಿಜ್ಜು, ಯಾರು, ಏಕೆ. ಐದು ಸಲ ಏಕೆ ಕೇಳಿಕೊಳ್ಳುವ ಅಗತ್ಯ ಬೀಳಲಿಲ್ಲ, ಒಂದೇ ಸಲಕ್ಕೆ ಸಾಕಾಯಿತು. ಹಿಂದಿನ ಎರಡು ವರ್ಷ ಸಹಿಯ ಜಾಗ ಖಾಲಿ ಬಿಡಿಸಿದ್ದನ್ನೂ ಬರೆದೆ. ಲೋಕಯ್ಯ ಅವರಿಗೆ ಮರೆವು ಇಲ್ಲ ಎಂದು ಬರೆದೆ. ಅವರು 1.05ರ ಸಾಲಿನ ಬಳಿ ಬೆರಳಿಟ್ಟು, ಇದು ಸರಿ ಅಂತಲೂ ಹಾಕಿ ಎಂದರು. ಹಾಕಿದೆ. ಒಳಗಿನಿಂದ ಬಂದ ಅಕ್ಷಿತಾ ಆ ಪುಟದ ಫೋಟೋ ತೆಗೆದು ನನಗೂ ಒಂದು ಕಳಿಸಿದಳು. ಮರುದಿನ ಅದನ್ನೇ ಹೊಸ ಫಾರ್ಮಿಗೆ ಲಗತ್ತಿಸಿ ಡಾಕ್ಟರ್ ಲಯನೆಲ್ ಮೇಜಿನ ಮೇಲೆ ಇಟ್ಟೆ, ಒಂದು ಪ್ರತಿ ಆಡಿಟರಿಗೂ ಕಳಿಸಿದೆ. ವಾರದೊಳಗೆ ನನ್ನ ಕಪಾಟಿನ ಬೀಗದ ಕೈ ಕೊಟ್ಟು ಮನೆಗೆ ಬಂದೆ. ಅದರ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಆ ಭಾನುವಾರ ಅಷ್ಟಾದ ಮೇಲೂ ಹೇಮಾಕ್ಷಿ ಚಹಾ ಮಾಡಿದರು. ಮನೆಗೆ ಬಂದವರನ್ನು ಬರೀ ನೀರು ಕೊಟ್ಟು ಕಳಿಸುವ ಕ್ರಮ ಅವರಲ್ಲಿ ಇಲ್ಲದ್ದರಿಂದ ಮಾಡಿದರು, ಅಷ್ಟೇ. ಕುಡಿದು ಎದ್ದೆ. ಲೋಕಯ್ಯಣ್ಣನೂ ಎದ್ದರು. ನನ್ನನ್ನು ಬಾಗಿಲವರೆಗೆ ಬಿಡಲು ಬರುತ್ತಾರೆಂದುಕೊಂಡೆ. ಅವರು ಅಡುಗೆಮನೆಗೆ ಹೋಗಿ ಗ್ಯಾಸು ನೋಡಿ ಬಂದು, ಗೋಡೆಯ ಹಾಳೆಯಲ್ಲಿ ಗಂಟೆ ಬರೆದು ಸಹಿ ಹಾಕಿದರು. ನನ್ನ ಕೈಬರಹ ಅವರ ಜೇಬಿನಲ್ಲಿತ್ತು. ಆದರೂ ಅವರಿಗೆ ನಂಬಿಕೆ ಬಂದಿರಲಿಲ್ಲ, ತನ್ನ ಕಣ್ಣಿನ ಮೇಲೆ. ಬರೆದು ಕೊಟ್ಟರೂ ವಾಪಸು ಬಾರದ್ದನ್ನು ನಾನು ಕಿತ್ತಿದ್ದೆ.

ಅಕ್ಷಿತಾ ಎಂದಿನಂತೆ ಪರಿಶೀಲಿಸಿದವರ ಸಹಿಗೆ ಕೈ ಚಾಚಿದಳು. ಲೋಕಯ್ಯಣ್ಣ ಅವಳಿಗೆ ಪೆನ್ನು ಕೊಡಲಿಲ್ಲ.

"ಇವತ್ತು ಮೇಡಂ ಹಾಕಲಿ," ಎಂದು ನನಗೆ ಚಾಚಿದರು. "ನೋಡಿ ಹಾಕಿ."

ಒಳಗೆ ಹೋಗಿ ಗ್ಯಾಸಿನ ತಿರುಪನ್ನು ಮುಟ್ಟಿ ನೋಡಿದೆ. ಗಡಿಯಾರ ನೋಡಿದೆ. 5.41 ಎಂದು ಬರೆದೆ. ಆಮೇಲೆ ಸಹಿ ಹಾಕಿದೆ.